ಬಿಸಿಲಿಗೆ ಹಾಕಿದ ಕೌದಿ

ನೆರಳೂರು, ಮಲಪ್ರಭೆ ಹರಿಯುತ್ತಿದ್ದ ದಂಡೆ
ಇಸವಿ ೨೧೬೮, ಉರಿತಿಂಗಳ ನಲವತ್ತೊಂದನೆಯ ದಿನ

ಕೆಂಪು ಬಟ್ಟೆಯ ಮೇಲೆ ಬಿಳಿ ಬಣ್ಣದಲ್ಲಿ ಅಕ್ಷರ ಬರೆದ ತಾಯಿಗೆ, ಸಾವಂತ್ರೆವ್ವ ಮಾಡುವ ಶರಣುಗಳು.

ಮೇಲಿನ ತಾರೀಖು ನೋಡಿ ಇದು ಯಾರೋ ತಲೆಕೆಟ್ಟವರ ಕಾಗದವೆಂದು ಬದಿಗೆ ಇಡಬೇಡಿ. ನಿಮ್ಮ ಕಾಲದಲ್ಲಿ ವರ್ಷಕ್ಕೆ ಹನ್ನೆರಡೇ ತಿಂಗಳಿದ್ದವಂತೆ, ಯಾವ ತಿಂಗಳಿಗೆ ಎಷ್ಟು ದಿನ ಎಂಬುದು ಮಕ್ಕಳಿಗೂ ಗೊತ್ತಿತ್ತಂತೆ. ನಮ್ಮಲ್ಲಿ ಏಪ್ರಿಲ್ ಮುಗಿದ ಕೂಡಲೇ ಉರಿತಿಂಗಳು ಹಿಡಿಯುತ್ತದೆ. ಅದು ಎಂದು ಮುಗಿಯಿತೆಂಬುದನ್ನು ಮಂಡಳಿಯವರು ಸಾರಬೇಕು. ಅಲ್ಲಿಯವರೆಗೆ ಶಾಲೆ ಇಲ್ಲ, ಕೂಲಿ ಇಲ್ಲ, ಮದುವೆ ಮುಂಜಿ ಇಲ್ಲ, ಸಾವಿಗೆ ಮಾತ್ರ ರಜೆ ಇಲ್ಲ. ನಡುನಡುವೆ ನಿಮಗೆ ತಿಳಿಯದ ಮಾತು ಬಂದರೆ ಕ್ಷಮಿಸಿ. ನಾನು ಬರೆಯಲು ಕಲಿತದ್ದು ಹಳೆಯ ಪುಸ್ತಕಗಳಿಂದ, ಮಾತಾಡಲು ಕಲಿತದ್ದು ನಮ್ಮ ಓಣಿಯಿಂದ, ಎರಡೂ ಕಲಸಿಹೋಗಿವೆ. ಈ ಕಾಗದ ಹಿಂದಕ್ಕೆ ನಿಮ್ಮವರೆಗೆ ಹೇಗೆ ಬಂದೀತು ಎಂದು ನೀವು ಕೇಳಬಹುದು. ನನಗೂ ಗೊತ್ತಿಲ್ಲ. ನಿಮ್ಮ ಬಟ್ಟೆಯ ಮಡಿಕೆಯೊಳಗೇ ಇದನ್ನು ಇಡುತ್ತೇನೆ. ಅದು ಇಷ್ಟು ದೂರ ನಮ್ಮ ಕಡೆಗೆ ಬಂದಿದೆ, ಬಂದ ದಾರಿ ಅದಕ್ಕಾದರೂ ನೆನಪಿರಬೇಕು.

ನಿಮ್ಮ ಬಟ್ಟೆ ನನಗೆ ಸಿಕ್ಕಿದ್ದು ಅಜ್ಜಿಯ ಟ್ರಂಕಿನಲ್ಲಿ, ಅಜ್ಜಿಗೆ ಅವಳ ಅಜ್ಜಿಯಿಂದ. ನಾಲ್ಕು ಮೂಲೆಗೂ ಸೀರೆಯ ಅಂಚು ಹರಿದು ಕಸೆ ಹೊಲಿದಿದ್ದೀರಿ, ಕಂಬಕ್ಕೆ ಕಟ್ಟಲು ಇರಬೇಕು. ಆ ಕಸೆ ನೋಡಿಯೇ ನೀವು ಹೆಂಗಸು ಎಂದು ನಾನು ಹಿಡಿದುಕೊಂಡಿದ್ದೇನೆ. ಗಂಡಸಾಗಿದ್ದರೆ ಹೆಂಡತಿಯ ಸೀರೆ ಹರಿದದ್ದಕ್ಕೆ ಚೆನ್ನಾಗಿ ಬೈಸಿಕೊಂಡಿರುತ್ತೀರಿ. ಬಿಳಿ ಬಣ್ಣ ಎಂದೋ ಚಕ್ಕೆಯೆದ್ದು ಉದುರಿಹೋಗಿದೆ. ಬಟ್ಟೆಯೆಲ್ಲ ಬಿಸಿಲಿಗೆ ಬಿಳಿಚಿದೆ, ಆದರೆ ಬಣ್ಣ ಮುಚ್ಚಿದ್ದ ಕಡೆ ಇನ್ನೂ ಕಡುಗೆಂಪಾಗಿದೆ. ಹಾಗಾಗಿ ಅಕ್ಷರಗಳನ್ನು ಈಗಲೂ ಓದಬಹುದು: ನೆರಳು ಕಡಿಯಬೇಡಿ. ಮೊದಲಿನ ಅಕ್ಷರಗಳು ದೊಡ್ಡವು, ದುಂಡಾದವು, ಮೆರವಣಿಗೆ ಹೊರಟಂತಿವೆ. ಕೊನೆಗೆ ಬಟ್ಟೆ ಸಾಲದೆ ‘ಬೇಡಿ’ಯನ್ನು ಮೂಲೆಗೆ ಒತ್ತರಿಸಿ ಇಷ್ಟಿಷ್ಟೇ ಮಾಡಿ ಬರೆದಿದ್ದೀರಿ. ಚಿಕ್ಕಂದಿನಲ್ಲಿ ಅದನ್ನು ನೋಡಿ ನಾನೂ ತಮ್ಮನೂ ಬಿದ್ದು ಬಿದ್ದು ನಗುತ್ತಿದ್ದೆವು. ಆಮೇಲೆ ದೊಡ್ಡವಳಾದಂತೆ ಆ ‘ಬೇಡಿ’ಯೇ ನನಗೆ ಬಹಳ ಇಷ್ಟವಾಯಿತು. ಯಂತ್ರ ಬರೆದಿದ್ದರೆ ಅಳತೆ ತಪ್ಪುತ್ತಿರಲಿಲ್ಲ. ಯಾವುದೋ ಅಂಗಳದಲ್ಲಿ ಕುಕ್ಕರಗಾಲಲ್ಲಿ ಕೂತು, ಅವಸರದಲ್ಲಿ, ಪಕ್ಕದವರು ಏನೋ ಹೇಳುತ್ತಿರುವಾಗ ಒಬ್ಬರು ಇದನ್ನು ಬರೆದಿದ್ದಾರೆ ಎಂದು ಅದರಿಂದ ಗೊತ್ತಾಗುತ್ತದೆ.

ರಸ್ತೆ ಅಗಲ ಮಾಡಲು ಹುಣಸೆಮರಗಳನ್ನು ಕಡಿಯಲು ಬಂದಾಗ ಮಾಡಿದ ಬ್ಯಾನರು ಇದು ಎಂದು ಅಜ್ಜಿ ಹೇಳುತ್ತಿದ್ದಳು. ನೆರಳನ್ನು ಕೊಡಲಿಯಿಂದ ಹೇಗೆ ಕಡಿಯುತ್ತಾರೆಂದು ನಾನು ಕೇಳಿದ್ದೆ. ಆಗ ಗಿಡದ ಕೆಳಗೆ ನೆರಳು ಪುಕ್ಕಟೆ ಬೀಳುತ್ತಿತ್ತು, ಯಾರು ಬೇಕಾದರೂ ಹೋಗಿ ಕೂರಬಹುದಿತ್ತು ಎಂದಾಗ ಮುದುಕಿ ಕಥೆ ಕಟ್ಟುತ್ತಿದ್ದಾಳೆ ಎಂದುಕೊಂಡೆ. ನೀವು ಸೋತಿರಿ, ಅದು ನಮಗೆ ಗೊತ್ತಿದೆ. ಆ ಸಾಲಿನ ಒಂದು ಮರವೂ ಉಳಿಯಲಿಲ್ಲ. ನಿಮ್ಮನ್ನು ಹಂಗಿಸಲು ನಾನು ಬರೆಯುತ್ತಿಲ್ಲ. ನಾವೂ ಒಂದು ಬ್ಯಾನರು ಮಾಡಿದೆವು, ಅದರ ಗತಿ ಏನಾಯಿತೆಂದು ಇದೇ ಕೆಲಸ ಮಾಡಿದ ಒಬ್ಬರಿಗೆ ಹೇಳಬೇಕು ಅನ್ನಿಸಿದೆ.

ನಮ್ಮೂರಿನ ಹೆಸರು ನೆರಳೂರು. ಹೆಸರಿಟ್ಟದ್ದು ನೆರಳು ಮಂಡಳಿ. ಊರಿನ ಮೇಲೆ ಅವರದೊಂದು ಚಪ್ಪರವಿದೆ. ಕಬ್ಬಿಣದ ಕಂಬಗಳು, ಅವುಗಳ ಮೇಲೆ ಬೂದು ಹಲಗೆಗಳು, ಓಣಿಯಿಂದ ಓಣಿಗೆ ಹಾಸಿಕೊಂಡು ಹೋಗಿವೆ. ಚಪ್ಪರದ ಕೆಳಗೆ ಬದುಕಬಹುದು, ಹೊರಗೆ ಉರಿತಿಂಗಳಲ್ಲಿ ಬೆಳಗಿನ ಹೊತ್ತೇ ಎರಡು ತಾಸು ನಿಂತವರೂ ಮೂರು ದಿನ ಮಲಗುತ್ತಾರೆ. ಮಧ್ಯಾಹ್ನವಂತೂ ಚಪ್ಪರದ ಕೆಳಗೂ ಇರಲಾಗದು, ಎಲ್ಲರೂ ಹಗೇವಿಗೆ ಇಳಿಯುತ್ತೇವೆ. ಹಗೇವು ನಿಮಗೆ ಗೊತ್ತಿರಬೇಕು. ನಿಮ್ಮ ಹಿರಿಯರು ನೆಲ ತೋಡಿ ಅದರಲ್ಲಿ ಜೋಳ ಇಡುತ್ತಿದ್ದರು, ನಾವು ನಮ್ಮನ್ನೇ ಇಟ್ಟುಕೊಳ್ಳುತ್ತೇವೆ. ಏಣಿ ಇಳಿದರೆ ಕೆಳಗೆ ಮಣ್ಣಿನ ಕೋಣೆ, ಮೂಲೆಗೊಂದು ನೀರಿನ ಗಡಿಗೆ, ಮಂಕು ದೀಪ, ಹತ್ತಿಪ್ಪತ್ತು ಜನರ ಬೆವರಿನ ವಾಸನೆ. ಸೊಸೆಯಂದಿರು ಅತ್ತೆಯರ ಜೊತೆ ಜಗಳ ಬಿಟ್ಟಿರುವುದು ಅಲ್ಲೇ, ಸಿಟ್ಟು ಮಾಡಿಕೊಂಡು ಎದ್ದು ಹೋಗಲು ಜಾಗವಿಲ್ಲ. ಒಲೆ ಹಚ್ಚುವಂತಿಲ್ಲವಾದ್ದರಿಂದ ಊಟ ಮಂಡಳಿಯ ಅಡುಗೆಮನೆಯಿಂದ ಬರುತ್ತದೆ. ಅದಕ್ಕೆ ಪಡಿರೊಟ್ಟಿ ಎನ್ನುತ್ತೇವೆ. ಒಬ್ಬರ ಪಾಲು ಇನ್ನೊಬ್ಬರು ತಿನ್ನಬಾರದೆಂದು ಪ್ರತಿ ರೊಟ್ಟಿಯ ನಟ್ಟನಡುವೆ ಮನೆಯ ಮುದ್ರೆ ಒತ್ತಿರುತ್ತಾರೆ. ಈ ಮುದ್ರೆಯನ್ನು ನೆನಪಿಟ್ಟುಕೊಳ್ಳಿ, ಮುಂದೆ ಬರುತ್ತದೆ.

ಹೋದ ವರ್ಷದ ಉರಿತಿಂಗಳಲ್ಲಿ ಮಂಡಳಿಯವರು ನಮ್ಮ ಮೂಡಲ ಓಣಿಯ ಮೇಲಿನ ಹಲಗೆಗಳನ್ನು ಬಿಚ್ಚಿಕೊಂಡು ಹೋದರು. ಅವರ ಹೊಸ ಗೋದಾಮಿಗೆ ನೆರಳು ಬೇಕಾಗಿತ್ತು. ಎರಡು ದಿನದಲ್ಲಿ ಬೇರೆ ಹಲಗೆ ತಂದು ಹಾಕುತ್ತೇವೆ, ಅಲ್ಲಿಯವರೆಗೆ ಹಗೇವು ಬಿಟ್ಟು ಬರಬೇಡಿ ಎಂದರು. ತಲೆಯ ಮೇಲೆ ಚಪ್ಪರವಿಲ್ಲದ ಹಗೇವು ಎರಡನೆಯ ದಿನಕ್ಕೇ ಕಾದ ಹಂಚಾಯಿತು. ಹಲಗೆ ಬರಲಿಲ್ಲ. ಮೊದಲು ಹೋದವಳು ಸಲ್ಮಾ, ಮಾಬವ್ವನ ಮೊಮ್ಮಗಳು, ಆರು ವರ್ಷದ ಕೂಸು. ನೀರು ತರುತ್ತೇನೆಂದು ಏಣಿ ಹತ್ತಿದ ನನ್ನ ತಮ್ಮ ಸಂಗಪ್ಪ ಏಣಿಯ ಮೇಲಿನ ಮೆಟ್ಟಿಲಲ್ಲೇ ಕೂತುಬಿಟ್ಟ. ಅವನು ಸುಸ್ತಾಗಿ ಕೂತಿದ್ದಾನೆಂದು ನಾನು ಕೆಳಗಿನಿಂದ ಬೈಯುತ್ತಿದ್ದೆ. ಒಟ್ಟು ಒಂಬತ್ತು ಜನ ಹೋದರು. ಸಂಗಪ್ಪ ಅದೇ ಚಪ್ಪರದ ಆಳು, ಇಪ್ಪತ್ತು ವರ್ಷ ಊರವರ ತಲೆಯ ಮೇಲೆ ಹಲಗೆ ಹೊದಿಸಿದವನು.

ಮಂಡಳಿಯ ಲೆಕ್ಕದಲ್ಲಿ ಅವರು ಯಾರೂ ಸತ್ತಿಲ್ಲ. ಓಣಿ ಖಾಲಿಯಾಗಿತ್ತು, ಒಂಬತ್ತು ಜನ ಊರು ಬಿಟ್ಟು ಗುಳೆ ಹೋಗಿದ್ದಾರೆ ಎಂದು ಅವರು ಬರೆದುಕೊಂಡಿದ್ದಾರೆ. ಹೊಟ್ಟೆಪಾಡಿಗೆ ಗುಳೆ ಹೋಗುವುದು ನಿಮ್ಮ ಕಾಲದಿಂದಲೂ ಈ ಸೀಮೆಯಲ್ಲಿ ಇದ್ದದ್ದೇ, ಆದ್ದರಿಂದ ದೂರದ ಊರಿನವರು ಆ ಮಾತನ್ನು ಸುಲಭವಾಗಿ ನಂಬಿದರು. ಆರು ವರ್ಷದ ಹುಡುಗಿ ಒಬ್ಬಳೇ ಗುಳೆ ಹೋಗಿದ್ದಾಳಂತೆ. ನಾವು ಕೇಳಿದ್ದು ಬಹಳವೇನಲ್ಲ. ಅವರು ಸತ್ತಿದ್ದಾರೆ ಎಂದು ಒಪ್ಪಿಕೊಳ್ಳಿ, ಅಷ್ಟೇ. ಚಿತ್ರ ತೋರಿಸಿದೆವು, ಯಂತ್ರದಲ್ಲಿ ಯಾರು ಬೇಕಾದರೂ ಅಂಥ ಚಿತ್ರ ಹುಟ್ಟಿಸಬಹುದು ಎಂದರು. ಅದು ಸುಳ್ಳೂ ಅಲ್ಲ, ನಮ್ಮ ಕಾಲದಲ್ಲಿ ಪರದೆಯ ಮೇಲೆ ಕಂಡದ್ದನ್ನು ಯಾವ ಪುಣ್ಯಾತ್ಮನೂ ನಂಬುವುದಿಲ್ಲ. ಕೈಯಲ್ಲಿ ಮಾಡಿದ್ದಕ್ಕೆ ಮಾತ್ರ ಇನ್ನೂ ಸ್ವಲ್ಪ ಬೆಲೆ ಇದೆ.

ಅದಕ್ಕೆ ನನ್ನ ತಮ್ಮನ ಮಗಳು ಇಂದ್ರವ್ವ ಬ್ಯಾನರು ಬರೆಯೋಣವೆಂದಳು. ಇಪ್ಪತ್ತರ ಹುಡುಗಿ, ಅಪ್ಪನಂತೆ ಚಪ್ಪರದ ಕೆಲಸದವಳು, ಮೂಗಿನ ತುದಿಯಲ್ಲೇ ಸಿಟ್ಟು. ಆದರೆ ಬಯಲಲ್ಲಿ ಅಕ್ಷರ ತೋರಿಸಲು ಮಂಡಳಿಯ ಅಪ್ಪಣೆ ಬೇಕು, ಇಲ್ಲವಾದರೆ ಕಂಬದ ಮೇಲಿನ ಯಂತ್ರದ ಕಣ್ಣುಗಳು ಅದನ್ನು ಓದಿ ಕೂಗು ಹಾಕುತ್ತವೆ. ಆಗ ಮಾಬವ್ವ ಬಾಯಿ ಬಿಟ್ಟಳು. ಮಾಬವ್ವ ನದಾಫರ ಮನೆಯವಳು, ಎಪ್ಪತ್ತು ದಾಟಿದವಳು. ಅವಳ ಮನೆಯವರು ತಲೆತಲಾಂತರದಿಂದ ಗಾದಿ, ಕೌದಿ ಹೊಲಿದವರು. ಮೊಮ್ಮಗಳು ಹೋದ ಮೇಲೆ ಆಕೆ ಮಾತಾಡಿದ್ದೇ ಕಡಿಮೆ.

“ಕೌದಿ ಹೊಲಿಯೂಣು,” ಎಂದಳು. “ಸತ್ತವರ ಅಂಗಿ ಅರಬಿ ಅದಾವಲ್ಲ, ಅವನ್ನ ಹಾಕಿ.”

“ಅಕ್ಷರ ಇಲ್ದ ಬ್ಯಾನರ್ ಎಂಥಾದ್ದು ಆಯಿ?” ಇಂದ್ರವ್ವ ರೇಗಿದಳು. “ಹಾಸಿಗಿ ಅಂತಾರ ನೋಡಿದವರು.”

“ಅನ್ನಲಿ ಬಿಡು. ಹಾಸಿಗಿ ಬಿಸಲಿಗೆ ಹಾಕಬ್ಯಾಡ್ರಿ ಅನ್ನಾಕ ಅವರಿಗೂ ಬಾಯಿ ಬರಾಂಗಿಲ್ಲ.”

ಉರಿತಿಂಗಳಲ್ಲಿ ತಿಗಣೆ ಸಾಯಲೆಂದು ಹಾಸಿಗೆಗಳನ್ನು ಬಯಲಲ್ಲಿ ಒಣಹಾಕಬೇಕೆಂಬುದು ಮಂಡಳಿಯದೇ ಕಟ್ಟಳೆ. ಮುದುಕಿಯ ತಲೆ ನೋಡಿ! ಎಷ್ಟೋ ತಿಂಗಳ ಮೇಲೆ ಹಗೇವಿನಲ್ಲಿ ನಾವು ಮೊದಲ ಸಲ ನಕ್ಕದ್ದು ಅಂದೇ.

ಚಳಿಗಾಲವೆಲ್ಲ ಹೊಲಿದೆವು. ಚಳಿಗಾಲದ ಮಧ್ಯಾಹ್ನಗಳೂ ಬಿಸಿಯೇ, ಎಲ್ಲರೂ ಹಗೇವಿನಲ್ಲಿ ಮಲಗಿದಾಗ ಐದಾರು ಹೆಂಗಸರು ಮೂಲೆಯ ದೀಪದ ಬಳಿ ಕೂರುತ್ತಿದ್ದೆವು. ನೀವು ಬಣ್ಣದ ಡಬ್ಬಿ, ಕುಂಚ ಇಟ್ಟುಕೊಂಡು ಕೂತಿದ್ದಿರಿ, ನಿಮಗೆ ಈ ತಾಪತ್ರಯ ಇರಲಿಲ್ಲ ಅನ್ನಿಸುತ್ತದೆ: ನಮ್ಮಲ್ಲಿ ಹೊಲಿಗೆ ಗುರುತಿಸುವ ಯಂತ್ರವಿದೆ. ದಿಂಬಿನ ಚೀಲವೊಂದು ಸಿಕ್ಕರೆ ಸಾಕು, ಎಳೆ ಎಷ್ಟು ಬಿಗಿ, ಸೂಜಿ ಯಾವ ಓರೆ ಎಂದು ನೋಡಿ ಇದು ಇಂಥವಳ ಕೈ ಎಂದು ಹೇಳಿಬಿಡುತ್ತದೆ. ಅದಕ್ಕೆ ಎಲ್ಲರೂ ಎಡಗೈಯಲ್ಲಿ ಹೊಲಿದೆವು. ನನ್ನ ಹೊಲಿಗೆಯನ್ನು ಓಣಿಯೆಲ್ಲ ಹೊಗಳುತ್ತಿತ್ತು, ಆ ಸೊಕ್ಕೆಲ್ಲ ಇಳಿಯಿತು. ಎಡಗೈ ಸೂಜಿಯನ್ನು ಎತ್ತಲೋ ಒಯ್ಯುತ್ತದೆ, ಬೆರಳಿಗೆ ಚುಚ್ಚುತ್ತದೆ, ಗೇಣು ಹೊಲಿಯುವಷ್ಟರಲ್ಲಿ ಹೊತ್ತು ಮುಳುಗುತ್ತದೆ. ಹೊಲಿಗೆಗಳು ಉದ್ದುದ್ದ, ಸೊಟ್ಟ ಸೊಟ್ಟ, ಮಕ್ಕಳು ಮಾಡಿದಂತೆ ಬಂದವು. ಮೊದಲು ನಾಚಿಕೆಯಾಯಿತು. ಬಿಡಿಸಿ ನೋಡಿದರೆ ಬಟ್ಟೆಯ ಮೇಲೆಲ್ಲ ಇರುವೆ ಸಾಲು ಬೆದರಿ ಚೆದುರಿದಂತೆ ಕಾಣುತ್ತಿತ್ತು, ನೆಟ್ಟಗಿನ ಹೊಲಿಗೆಯಲ್ಲಿ ಆ ಗಾಬರಿ ಬರುತ್ತಲೇ ಇರಲಿಲ್ಲ. ನನ್ನ ಜನ್ಮದಲ್ಲಿ ನಾನು ಮಾಡಿದ ಚೆಂದದ ಕೆಲಸ ಅದೊಂದೇ.

ಕೌದಿಯೆಂದರೆ ಹಳೆಯ ಬಟ್ಟೆ ಚೂರು ಮಾಡಿ ಜೋಡಿಸುವುದು ರೂಢಿ. ನಾನು ಕತ್ತರಿ ತೆಗೆದುಕೊಂಡು ಸಂಗಪ್ಪನ ಅಂಗಿಗೆ ಕೈ ಹಾಕಿದಾಗ ಮಾಬವ್ವ ಕೈ ಹಿಡಿದಳು. “ಅದಕ್ಕ ಕತ್ರಿ ಹಚ್ಚಬ್ಯಾಡ ಸಾವಂತ್ರಿ. ಒಮ್ಮೆ ಸತ್ತಾರ, ಸಾಕು.” ಹಾಗಾಗಿ ಅಂಗಿ ಅಂಗಿಯಾಗಿಯೇ, ಲಂಗ ಲಂಗವಾಗಿಯೇ ಇಡಿಯಾಗಿ ಕೂತವು. ಎಲ್ಲಿ ಯಾವುದು ಎಂಬುದರ ಮೇಲೆ ನಡೆದ ಜಗಳ ಹೇಳತೀರದು. ಇಂದ್ರವ್ವ ಒಂಬತ್ತನ್ನೂ ಸಾಲಾಗಿ ನಿಲ್ಲಿಸಬೇಕೆಂದಳು, ನಾನು ಗುಂಡಗೆ ಇರಲಿ ಎಂದೆ. ಮಾಬವ್ವ ಒಂದು ವಿಷಯದಲ್ಲಿ ಮಾತ್ರ ಹಟ ಬಿಡಲಿಲ್ಲ. ಸಲ್ಮಾಳ ಹಸಿರು ಫ್ರಾಕು ಕೌದಿಯ ತೀರ ಕೆಳಗಿರಬೇಕು, ನೇತುಹಾಕಿದಾಗ ಅದರ ಅಂಚು ಕೂಸು ನೆಲದ ಮೇಲೆ ನಿಂತಾಗ ಬರುವಷ್ಟೇ ಎತ್ತರಕ್ಕೆ ಬರಬೇಕು. ಸಂಗಪ್ಪನ ಅಂಗಿಯನ್ನು ಅದರ ಪಕ್ಕದಲ್ಲಿ ಮೇಲಕ್ಕೆ, ತೋಳು ಚಾಚಿ ಹೊಲಿದೆವು. ಬದುಕಿದ್ದಾಗ ಅವನು ಆ ಹುಡುಗಿಯನ್ನು ಹೆಗಲ ಮೇಲೆ ಹೊತ್ತು ತಿರುಗುತ್ತಿದ್ದ.

ಇದಕ್ಕೆಲ್ಲ ಮೈಯಾಗಿ ಹಾಸಿದ್ದು ಮಾಬವ್ವನ ಮನೆಯ ಬಾಗಿಲಿನ ಪರದೆ. ನೇರಳೆ ಹಣ್ಣಿನ ಬಣ್ಣದ ಅಗ್ಗದ ಬಟ್ಟೆ, ಒದ್ದೆ ಕೈ ತಾಗಿದರೂ ಬಣ್ಣ ಬಿಡುತ್ತಿತ್ತು.

“ಯಕ್ಕಾ, ಇದು ಕಚ್ಚಾ ಬಣ್ಣ. ಬಿಸಲಿಗೆ ನಿಲ್ಲಾಂಗಿಲ್ಲ,” ಎಂದೆ.

“ಬಿಸಲಿಗೆ ನಾವರ ಎಲ್ಲಿ ನಿಂತೇವಿ? ಇದ್ದದ್ದು ಇದೊಂದ. ಹಾಸು ಸುಮ್ನ.”

ಕೌದಿ ಮುಗಿಯುವಾಗ ನಮ್ಮ ಕಡೆ ಒಂದು ಪದ್ಧತಿಯಿದೆ. ಕೊನೆಯ ಮೂಲೆಯನ್ನು ಹೊಲಿಯುವ ಮೊದಲು ಒಳಗೆ ಒಂದು ತುಣುಕು ರೊಟ್ಟಿ ಇಡುತ್ತೇವೆ. ಕೌದಿಗೂ ಹೊಟ್ಟೆಯಿದೆ, ಹಸಿದ ಕೌದಿ ಮನೆಗೆ ಆಗಿಬರುವುದಿಲ್ಲ ಎಂಬ ನಂಬಿಕೆ. ಅದಕ್ಕೆ ತುತ್ತು ಇಡುವುದು ಎನ್ನುತ್ತೇವೆ. ಈ ಕೌದಿಗೆ ಏನೂ ಇಡಬಾರದು, ಪಡಿರೊಟ್ಟಿಯ ಚೂರೂ ಕೂಡ, ಎಂದು ನಾವು ಮೊದಲೇ ಮಾತಾಡಿಕೊಂಡಿದ್ದೆವು. ಕೊನೆಯ ಮೂಲೆಯನ್ನು ಮುಚ್ಚಿದವಳು ಮಾಬವ್ವ.

ಉರಿತಿಂಗಳ ಮೊದಲ ದಿನ, ಬಿಸಿಲೇರುವ ಮುಂಚೆ, ಮಂಡಳಿಯ ಕಚೇರಿಯೆದುರಿನ ಬಯಲಲ್ಲಿ ಊರವರು ಹಾಸಿಗೆ ಹಾಕುವ ತಂತಿಯ ಮೇಲೆ ಕೌದಿಯನ್ನು ಮೂಡಣಕ್ಕೆ ಮುಖ ಮಾಡಿ ಹಾಕಿ ಬಂದೆವು. ಸುತ್ತ ನೂರು ಗಾದಿ, ಚಾದರಗಳು. ಅವುಗಳ ನಡುವೆ ಒಂಬತ್ತು ಜನ ಬಿಸಿಲಿನಲ್ಲಿ ನಿಂತಿದ್ದರು. ಕಂಬದ ಕಣ್ಣುಗಳಿಗೆ ಓದಲು ಅಕ್ಷರ ಸಿಗಲಿಲ್ಲ, ಮನುಷ್ಯರ ಕಣ್ಣಿಗೆ ಓದು ಬೇಕಾಗಲಿಲ್ಲ. ಪಡುವಲ ಓಣಿಯವರು, ನಮ್ಮವರ ಸಾವನ್ನು ನಂಬದೆ ಇದ್ದವರು, ತಮ್ಮ ಹಾಸಿಗೆ ತಿರುವಿಹಾಕುವ ನೆಪದಲ್ಲಿ ಬಂದು ಆ ಫ್ರಾಕಿನೆದುರು ನಿಂತರು. ಒಬ್ಬ ಹೆಂಗಸು ಬಗ್ಗಿ ಅದರ ಅಂಚಿನ ಸುಕ್ಕು ತೀಡಿದಳು. ಆಮೇಲೆ ಪಕ್ಕದ ಊರುಗಳಿಂದಲೂ ಜನ ಬರತೊಡಗಿದರು, ತಲೆಗೆ ಒದ್ದೆ ಬಟ್ಟೆ ಸುತ್ತಿಕೊಂಡು, ಬಂದವರು ನೋಡಿ ಹೋಗುತ್ತಿದ್ದರು. ಗುಳೆ ಎಂಬ ಮಾತನ್ನು ಕಚೇರಿಯವರು ಬಿಟ್ಟು ಯಾರೂ ಆಡದಂತಾಯಿತು. ಆ ಇಪ್ಪತ್ತು ದಿನ ನಾವು ಗೆದ್ದಿದ್ದೆವು. ಹಾಗೆಂದು ಬರೆಯಲು ನನಗೆ ಸಂಕೋಚವಿಲ್ಲ.

ಆಮೇಲೆ ಮಂಡಳಿಯವರು ಬಂದರು. ಅಧಿಕಾರಿ ಹೊಸಬ, ಚಿಕ್ಕ ವಯಸ್ಸಿನವ, ಬಹಳ ಮರ್ಯಾದಸ್ಥ. ಯಂತ್ರಕ್ಕೆ ಎಡಗೈ ಹೊಲಿಗೆ ಗುರುತು ಸಿಗಲಿಲ್ಲ. ಆಗ ಒಂದು ಮೂಲೆಯನ್ನು ಕೊಯ್ದು ನೋಡಿದರು. ಒಳಗೆ ಒಣಗಿದ ರೊಟ್ಟಿಯ ತುಣುಕು ಇತ್ತು, ಅದರ ಮೇಲೆ ಮಾಬವ್ವನ ಮನೆಯ ಮುದ್ರೆ ಇತ್ತು. ಅದೇ ಹೊತ್ತಿಗೆ ಮುದುಕಿಯನ್ನು ಕರೆದುಕೊಂಡು ಹೋದರು. ನಾನು ಆ ದಿನವೆಲ್ಲ ಮಾಬವ್ವನನ್ನು ಬೈದೆ. ಅಷ್ಟು ಹೇಳಿದ್ದರೂ ಪದ್ಧತಿ ಬಿಡಲಾಗಲಿಲ್ಲವೇ, ಈ ಮುದುಕರ ಬುದ್ಧಿಗೆ ಏನೆನ್ನಬೇಕು ಎಂದು ಗೋಡೆಗೆ ಹೇಳಿಕೊಂಡು ಅತ್ತೆ. ಸಂಜೆ ಇಂದ್ರವ್ವ ರೊಟ್ಟಿ ಮುರಿಯುತ್ತ ಕೂತಿದ್ದವಳು ಕೈ ನಿಲ್ಲಿಸಿದಳು.

“ಅತ್ತಿ, ತುತ್ತು ಇಡಾಕ ಯಾರರ ರೊಟ್ಟಿ ನಡಕಿನಿಂದ ಮುರೀತಾರೇನು?”

ಯಾರೂ ಮುರಿಯುವುದಿಲ್ಲ. ಅಂಚಿನಿಂದ ಒಂದು ಚೂರು ಮುರಿಯುತ್ತಾರೆ. ಮುದ್ರೆ ಸಿಗಬೇಕಾದರೆ ಸುತ್ತಲಿನದನ್ನೆಲ್ಲ ತೆಗೆದು ನಡುವಿನದನ್ನು ಬೇಕೆಂದೇ ಉಳಿಸಬೇಕು. ಒಬ್ಬರು ಸಿಗದಿದ್ದರೆ ಓಣಿಯನ್ನೆಲ್ಲ ಎಳೆದುಕೊಂಡು ಹೋಗುತ್ತಾರೆಂದು ಮಾಬವ್ವನಿಗೆ ಗೊತ್ತಿತ್ತು. ಹುಡುಕುವವರಿಗೆ ಅವಳು ತನ್ನನ್ನೇ ಕಟ್ಟಿಟ್ಟು ಕೊಟ್ಟಿದ್ದಳು. ಅಂದಿನ ರೊಟ್ಟಿಯನ್ನು ನಾನೂ ಇಂದ್ರವ್ವನೂ ತಿನ್ನಲಿಲ್ಲ.

ಮರುದಿನ ಅಧಿಕಾರಿ ನಮ್ಮ ಓಣಿಗೇ ಬಂದ. “ಅಮ್ಮಾ, ಕೌದಿಯನ್ನು ನೀವೇ ಬಿಚ್ಚಿ ಕೊಡಿ. ಹೊಲಿದವರ ಕೈಯಿಂದಲೇ, ಎಲ್ಲರ ಎದುರು. ಆ ಬಟ್ಟೆಗಳು ನಮಗೆ ಬರಲಿ. ಅಜ್ಜಿ ಮನೆಗೆ ಬರ್ತಾರೆ, ಓಣಿಗೆ ಹಲಗೆಯೂ ಬರುತ್ತೆ,” ಎಂದ. ಅವರು ಸುಟ್ಟುಹಾಕಿದರೆ ನಾವು ಇನ್ನೊಂದು ಹೊಲಿದೇವು ಎಂದು ಅವನಿಗೆ ತಿಳಿದಿತ್ತು. ನಾವೇ ಬಿಚ್ಚಿದರೆ ಅದು ಸುಳ್ಳೆಂದು ನಾವೇ ಒಪ್ಪಿದಂತೆ. ಇಂದ್ರವ್ವ ಒಲ್ಲೆನೆಂದಳು. ಮಾಬವ್ವ ಇದಕ್ಕಾಗಿ ಒಳಗೆ ಹೋಗಲಿಲ್ಲ, ಬಿಚ್ಚಿದರೆ ಅವಳ ಮುಖ ಹೇಗೆ ನೋಡುವುದು ಎಂದು ಕೂಗಾಡಿದಳು. ಅವಳು ಹೇಳಿದ್ದು ಸರಿಯೇ ಇತ್ತು. ಆದರೆ ಓಣಿಯಲ್ಲಿ ಇನ್ನೂ ಹದಿನಾಲ್ಕು ಮಕ್ಕಳಿದ್ದರು, ನಮ್ಮ ಓಣಿಗೆ ಇನ್ನೂ ಹಲಗೆ ಬಾರದೆ ಬೇರೆ ಓಣಿಯವರ ಹಗೇವುಗಳಲ್ಲಿ ಕಾಲು ಮಡಚಿ ಮಲಗುತ್ತಿದ್ದರು. ಸತ್ತವರಿಗಾಗಿ ಇದ್ದವರನ್ನು ಉರಿಗೆ ಹಾಕುವ ಧೈರ್ಯ ನನಗೆ ಬರಲಿಲ್ಲ. ನಾನು ಒಪ್ಪಿದೆ.

ಬೆಳಗಿನ ಬಿಸಿಲಿಗೆ ಮುಖ ಮಾಡಿ ನೇತಾಡುತ್ತಿದ್ದ ಕೌದಿಯನ್ನು ಇಳಿಸಲಿಲ್ಲ, ಇದ್ದಲ್ಲೇ ಬಿಚ್ಚಬೇಕೆಂದರು. ಊರೆಲ್ಲ ಚಪ್ಪರದ ಅಂಚಿನಲ್ಲಿ ನಿಂತು ನೋಡುತ್ತಿತ್ತು. ಈ ಸಲ ಬಲಗೈಯಲ್ಲಿ ಬಿಚ್ಚಿದೆವು, ಬಚ್ಚಿಡಲು ಇನ್ನೇನೂ ಇರಲಿಲ್ಲ. ಹೊಲಿಯಲು ಒಂದು ಚಳಿಗಾಲ ಹಿಡಿದದ್ದು ಬಿಚ್ಚಲು ಒಂದು ಬೆಳಗೂ ಹಿಡಿಯಲಿಲ್ಲ. ಸಂಗಪ್ಪನ ಅಂಗಿ ಕಳಚಿ ನನ್ನ ಕೈಗೆ ಬಂತು, ಮಂಡಳಿಯ ಆಳು ಅದನ್ನು ಕಸಿದು ಚೀಲಕ್ಕೆ ತುರುಕಿದ. ಫ್ರಾಕನ್ನು ಬಿಚ್ಚಲು ಮಾಬವ್ವನನ್ನೇ ತಂದು ನಿಲ್ಲಿಸಿದರು. ಬಹಳ ಇಳಿದುಹೋಗಿದ್ದಳು. ಒಂದೊಂದೇ ಎಳೆ ಹಿರಿದು ಪಕ್ಕಕ್ಕೆ ಇಡುತ್ತಿದ್ದಳು.

ಫ್ರಾಕು ಕಳಚಿದಾಗ ಚಪ್ಪರದ ಅಂಚಿನಲ್ಲಿ ನಿಂತವರಿಂದ ಒಂದು ಸದ್ದು ಬಂತು, ಅದನ್ನು ಏನೆಂದು ಕರೆಯಬೇಕೋ ನನಗೆ ತಿಳಿಯದು. ಬಟ್ಟೆಗಳೆಲ್ಲ ಹೋಗಿದ್ದವು, ಒಂಬತ್ತು ಜನ ಹಾಗೇ ನಿಂತಿದ್ದರು. ಇಪ್ಪತ್ತು ದಿನದ ಬಿಸಿಲು ಆ ಕಚ್ಚಾ ಪರದೆಯನ್ನು ಸುಟ್ಟು ಬೂದಿ ಬಿಳುಪು ಮಾಡಿತ್ತು. ಅಂಗಿ, ಲಂಗ, ಫ್ರಾಕುಗಳು ಮುಚ್ಚಿದ್ದ ಕಡೆ ಮಾತ್ರ ನೇರಳೆ ಬಣ್ಣ ಹಸಿಹಸಿಯಾಗಿ ಉಳಿದಿತ್ತು. ತೋಳು ಚಾಚಿದ ಸಂಗಪ್ಪ, ಅವನ ಪಕ್ಕದಲ್ಲಿ ನೆಲದ ಹತ್ತಿರ ಪುಟ್ಟ ಫ್ರಾಕು, ಅದರ ಸುತ್ತ ಸೂಜಿಯ ತೂತುಗಳ ಸಾಲು. ನಿಮ್ಮ ಬ್ಯಾನರಿನ ಬಣ್ಣ ಉದುರಿದ ಮೇಲೂ ಅಕ್ಷರ ಉಳಿದಿತ್ತಲ್ಲ, ಹಾಗೆ. ಅದನ್ನು ಜೀವಮಾನವೆಲ್ಲ ನೋಡಿದ್ದ ನನಗೂ ಇದು ಹೊಳೆದಿರಲಿಲ್ಲ. ಇದನ್ನು ಬಿಚ್ಚಲು ಹೊಲಿಗೆಯೇ ಇರಲಿಲ್ಲ.

ಅಧಿಕಾರಿ ಬಹಳ ಹೊತ್ತು ಅದನ್ನೇ ನೋಡಿದ. ಒಂದು ಕ್ಷಣ ಅವನೂ ಮನುಷ್ಯನಾದನೇನೋ ಎಂದು ನನಗೆ ಆಸೆಯಾಯಿತು. “ಬಿಸಿಲು ಮಾಡಿದ್ದನ್ನು ಬಿಸಿಲೇ ಅಳಿಸಲಿ. ಬಣ್ಣ ಪೂರ್ತಿ ಹೋಗುವವರೆಗೆ ಇಲ್ಲೇ ಇರಲಿ, ಯಾರೂ ಮುಟ್ಟಬಾರದು,” ಎಂದು ಕಾವಲು ಹಾಕಿಸಿದ. ಮಾಬವ್ವನನ್ನು ಬಿಟ್ಟ. ಅರ್ಧ ಓಣಿಗೆ ಹಲಗೆಯನ್ನೂ ಹಾಕಿಸಿದ. ಮಾತಿಗೆ ತಪ್ಪಲಿಲ್ಲ ಎಂದು ಹೇಳಿಕೊಳ್ಳಬಹುದಲ್ಲ.

ಮರುದಿನ ಹೊತ್ತು ಹುಟ್ಟುವಾಗ ಮಾಬವ್ವ ತಾನೇ ಎದ್ದು ಬಯಲಿಗೆ ಹೋದಳು. ಬಟ್ಟೆಯನ್ನು ಮುಟ್ಟಲಿಲ್ಲ. ಅದಕ್ಕೆ ಬೆನ್ನು ಮಾಡಿ, ಸೂರ್ಯನಿಗೆ ಮುಖ ಮಾಡಿ, ತನ್ನ ನೆರಳು ಫ್ರಾಕಿನ ಮೇಲೆ ಬೀಳುವಂತೆ ನಿಂತಳು. ಬಿಸಿಲೇರಿದಂತೆ ನೆರಳು ಜರುಗಿದ ಹಾಗೆ ತಾನೂ ಜರುಗಿ ಜರುಗಿ ನಿಂತಳು. ಕಾವಲಿನವನು ಏನು ಮಾಡುತ್ತಿದ್ದೀ ಎಂದು ಕೇಳಿದ.

“ನಿಂತೀನಿ,” ಎಂದಳಂತೆ. “ನಿಲ್ಲಾಕೂ ಅಪ್ಪಣಿ ಬೇಕೇನು?”

ಬೇಕಾಗಿಲ್ಲ. ಬಯಲಲ್ಲಿ ನಿಲ್ಲುವುದು ಅವರವರ ಜವಾಬ್ದಾರಿ ಎಂದಷ್ಟೇ ಕಟ್ಟಳೆಯಲ್ಲಿದ್ದದ್ದು. ನಾವು ಹೋಗಿ ಕರೆದೆವು, ಬೈದೆವು, ಕೈಕಾಲು ಹಿಡಿದೆವು. ನಾಲ್ಕನೆಯ ಬೆಳಗ್ಗೆ ಅವಳು ನಿಂತಲ್ಲೇ ಕುಸಿದಳು. ನಾನು ಮಡಿಲಲ್ಲಿ ತಲೆಯಿಟ್ಟುಕೊಂಡು ನೀರು ಹನಿಸಿದೆ. “ಕೂಸಿನ ಮ್ಯಾಲ ಬಿಸಲ ಬಿತ್ತು ನೋಡು, ಸರಿ ಆಕಡೆ,” ಎಂದಳು. ಅದೇ ಕೊನೆಯ ಮಾತು. ಮಂಡಳಿಯವರು ಅವಳನ್ನೂ ಗುಳೆ ಹೋದವರಲ್ಲಿ ಸೇರಿಸಿಕೊಂಡಿದ್ದಾರೆ.

ಅಂದಿನಿಂದ ಮೂಡಲ ಓಣಿಯವರು ಪಾಳಿ ಮಾಡಿಕೊಂಡಿದ್ದೇವೆ. ದಿನ ಬೆಳಗ್ಗೆ ಇಬ್ಬರು ಹೋಗಿ ಬಟ್ಟೆಗೆ ಬೆನ್ನು ಮಾಡಿ ನಿಲ್ಲುತ್ತಾರೆ. ಇದಕ್ಕೆ ನೆರಳು ಹಿಡಿಯುವುದು ಎಂಬ ಹೆಸರೂ ಬಿದ್ದಿದೆ. ಬಣ್ಣ ಹೋಗುತ್ತಲೇ ಇದೆ, ನಮ್ಮ ನೆರಳಿಗೆ ಅಷ್ಟು ತ್ರಾಣವಿಲ್ಲ. ನೆರಳು ಮುಟ್ಟದ ಮೇಲಿನ ಮೂವರು ಈಗಾಗಲೇ ಮಾಸಿಹೋಗಿದ್ದಾರೆ. ಸಂಗಪ್ಪನ ಒಂದು ತೋಳು ಕಾಣಿಸದು. ಉರಿತಿಂಗಳು ಬೇಗ ಮುಗಿದರೆ ಫ್ರಾಕು ಉಳಿದೀತು, ಮುಂದುವರಿದರೆ ಇಲ್ಲ. ಅದು ಅಳಿಯುವುದರೊಳಗೆ ‘ಅವರು ಸತ್ತರು’ ಎಂಬ ಒಂದು ಮಾತನ್ನು ಮಂಡಳಿಯಲ್ಲಿ ಯಾರಾದರೂ ಹೇಳಿಯಾರೆಂದು ಕಾಯುತ್ತಿದ್ದೇವೆ. ಪಡುವಲ ಓಣಿಯಿಂದ ನಿನ್ನೆ ಇಬ್ಬರು ಹೆಂಗಸರು ಬಂದು ನಮಗೂ ಪಾಳಿ ಕೊಡಿ ಎಂದು ಕೇಳಿದರು. ಮಾಬವ್ವನ ಸೀರೆಯನ್ನು ಇಂದ್ರವ್ವ ಮಡಚಿ ಹಗೇವಿನಲ್ಲಿ ಇಟ್ಟಿದ್ದಾಳೆ. ಅದಕ್ಕೆ ಕತ್ತರಿ ಹಾಕುವುದಿಲ್ಲ, ಇಡಿಯಾಗಿಯೇ ಹೊಲಿಯುತ್ತೇವೆ.

ತಾಯಿ, ನಿಮ್ಮನ್ನು ಎಚ್ಚರಿಸಿ ಪ್ರಯೋಜನವಿಲ್ಲ, ನೀವು ಆಗಲೇ ಎಚ್ಚರವಾಗಿದ್ದವರು. ನಿಮ್ಮ ಪಕ್ಕದವರಿಗೆ ಹೇಳಬೇಕಿತ್ತು, ಅವರ ವಿಳಾಸ ನನ್ನಲ್ಲಿಲ್ಲ. ನಿಮ್ಮಲ್ಲಿ ಕೇಳುವುದು ಒಂದೇ. ಈ ಕಾಗದ ಸಿಕ್ಕಾಗ ಆ ಹುಣಸೆಮರಗಳು ಇನ್ನೂ ನಿಂತಿದ್ದರೆ, ಒಂದರ ಕೆಳಗೆ ಹೋಗಿ ಸ್ವಲ್ಪ ಹೊತ್ತು ಸುಮ್ಮನೆ ಕೂರಿ. ಬ್ಯಾನರು ಹಿಡಿಯಬೇಡಿ, ಘೋಷಣೆ ಕೂಗಬೇಡಿ. ಎಂಟು ಗಂಟೆಯ ಬಿಸಿಲಿನಲ್ಲಿ ನೆರಳು ಮೈಮೇಲೆ ಹೇಗೆ ಬೀಳುತ್ತದೆಂದು ನನ್ನ ಪರವಾಗಿ ಒಮ್ಮೆ ನೋಡಿ.

ನಾಳೆ ನನ್ನ ಪಾಳಿ. ನನಗೆ ಅರವತ್ತಾರು ವರ್ಷ, ಬಿಪಿ ಇದೆ, ಬೇಡವೆಂದು ಇಂದ್ರವ್ವ ಬೆಳಗ್ಗೆಯಿಂದ ಜಗಳ ಮಾಡಿ ಈಗ ಸೋತಿದ್ದಾಳೆ. ಫ್ರಾಕಿನ ಎಡತೋಳಿನ ಕಡೆ ನಿಲ್ಲು ಎಂದು ಹೇಳಿದ್ದಾಳೆ, ಅಲ್ಲಿ ಬಣ್ಣ ಜಾಸ್ತಿ ಹೋಗಿದೆಯಂತೆ.

ಸಾವಂತ್ರೆವ್ವ